600 ರೂಪಾಯಿ ಲಾಭ, 936 ರೂಪಾಯಿ ತೆರಿಗೆ

2025ರ ಜೂನ್ ತಿಂಗಳ ಒಂದು ಮಧ್ಯಾಹ್ನ ಯಾರದೋ ಮದುವೆ ವಿಡಿಯೊ ಎಡಿಟ್ ಮಾಡುತ್ತಾ ಕೂತಿದ್ದೆ. ಧಾರೆ ಹೊತ್ತಿನಲ್ಲಿ ಓಲಗದ ಸದ್ದು ಜಾಸ್ತಿಯಾಗಿ ಮಂತ್ರ ಕೇಳಿಸುತ್ತಿರಲಿಲ್ಲ, ಅದನ್ನು ತಗ್ಗಿಸುತ್ತಿದ್ದೆ. ಅಷ್ಟರಲ್ಲಿ ಇನ್‌ಕಮ್ ಟ್ಯಾಕ್ಸ್‌ನವರಿಂದ ಒಂದು ಇಮೇಲ್ ಬಂತು. ನೀವು ವರ್ಚುವಲ್ ಡಿಜಿಟಲ್ ಅಸೆಟ್ (ಬಿಟ್‌ಕಾಯಿನ್‌ನಂಥ ಕ್ರಿಪ್ಟೊ) ವ್ಯವಹಾರ ಮಾಡಿದ್ದೀರಿ, ರಿಟರ್ನ್‌ನಲ್ಲಿ ತೋರಿಸಿದ ಹಾಗೆ ಕಾಣುತ್ತಿಲ್ಲ, ಇನ್ನೊಮ್ಮೆ ನೋಡಿ ಸರಿ ಮಾಡಿಕೊಳ್ಳಿ ಅಂತ.

ಮೊದಲು ಮೋಸದ ಮೇಲ್ ಅಂದುಕೊಂಡೆ. ಅದರಲ್ಲಿದ್ದ ಯಾವ ಲಿಂಕನ್ನೂ ಒತ್ತಲಿಲ್ಲ. ಇಲಾಖೆಯ ಪೋರ್ಟಲ್ ವಿಳಾಸವನ್ನು ನಾನೇ ಟೈಪ್ ಮಾಡಿ ಒಳಗೆ ಹೋದೆ. ಎಐಎಸ್ ಅಂತ ಒಂದು ಪಟ್ಟಿ ಇರುತ್ತದೆ, ನಮ್ಮ ಪ್ಯಾನ್ ಮೇಲೆ ವರ್ಷವಿಡೀ ಏನೇನು ನಡೆದಿದೆ ಅನ್ನುವುದರ ಜಾತಕ. ಅದರಲ್ಲಿ ಬ್ಯಾಂಕ್ ಬಡ್ಡಿಯ ಕೆಳಗೆ ಒಂದು ಸಾಲು: 194ಎಸ್ (ಕ್ರಿಪ್ಟೊ ಮಾರಿದಾಗ ತೆರಿಗೆ ಹಿಡಿಯುವ ಸೆಕ್ಷನ್), 267 ರೂಪಾಯಿ ಟಿಡಿಎಸ್, ಅಂದರೆ ಮೊದಲೇ ಹಿಡಿದ ತೆರಿಗೆ. ಆಗ ನೆನಪಾಯಿತು. 2023ರಲ್ಲಿ ಸುಮ್ನೆ ನೋಡೋಣ ಅಂತ 300 ಯುಎಸ್‌ಡಿಟಿ, ಅಂದರೆ ಡಾಲರ್ ಬೆಲೆಗೆ ಕಟ್ಟಿಹಾಕಿದ ಕ್ರಿಪ್ಟೊ ಟೋಕನ್, ಕೊಂಡಿದ್ದೆ. 85 ರೂಪಾಯಿ 20 ಪೈಸೆಗೆ ಕೊಂಡದ್ದು, 89ಕ್ಕೆ ಮಾರಿದ್ದೆ. ಲಾಭ 1,140 ರೂಪಾಯಿ. ಇಷ್ಟಕ್ಕೆಲ್ಲ ಯಾರು ಲೆಕ್ಕ ಕೇಳುತ್ತಾರೆ ಅಂತ ರಿಟರ್ನ್‌ನಲ್ಲಿ ಬರೆದಿರಲಿಲ್ಲ. ತಮಾಷೆ ಏನೆಂದರೆ ಆ 267 ರೂಪಾಯಿ ಟಿಡಿಎಸ್ ಮಾತ್ರ ಫಾರ್ಮ್‌ನಲ್ಲಿ ತಾನಾಗಿ ತುಂಬಿಕೊಂಡಿತ್ತು, ಅದನ್ನು ನಾನು ಬಿಟ್ಟಿರಲಿಲ್ಲ. ಆದಾಯ ಇಲ್ಲ, ಆದರೆ ಆ ಆದಾಯದ ಮೇಲೆ ಹಿಡಿದ ತೆರಿಗೆ ವಾಪಸ್ ಕೊಡಿ ಅಂತ ನಾನೇ ಬರೆದು ಸಹಿ ಹಾಕಿದ ಹಾಗಾಗಿತ್ತು.

ಆ ತಿಂಗಳು ಇಲಾಖೆ ಇಂಥ ಮೇಲ್‌ಗಳನ್ನು ಸಾವಿರಾರು ಜನರಿಗೆ ಕಳಿಸಿತ್ತು ಅಂತ ಆಮೇಲೆ ಪೇಪರ್‌ನಲ್ಲಿ ಓದಿದೆ. ಸ್ವಲ್ಪ ಸಮಾಧಾನ ಆಯಿತು, ಊರಿಗೆಲ್ಲ ಬಂದ ಜ್ವರ ಅಂತ.

ನಾನು ಬಸವೇಶ್ವರನಗರದಲ್ಲಿ ಮನೆಯಿಂದಲೇ ವಿಡಿಯೊ ಎಡಿಟಿಂಗ್ ಮಾಡುವವಳು. ಊರು ತಿಪಟೂರಿನ ಹತ್ತಿರ. ಅಪ್ಪನದು ತೆಂಗಿನ ತೋಟ. ಬೇಸಿಗೆಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ವಿವರಿಸಲು ಹೋಗಿ ಸಿಕ್ಕಿಬಿದ್ದಿದ್ದೆ. ಸ್ಟೇಬಲ್‌ಕಾಯಿನ್ ಅಂದರೆ ಬಿಟ್‌ಕಾಯಿನ್ ಥರ ಮೇಲೆ ಕೆಳಗೆ ಕುಣಿಯುವುದಿಲ್ಲ, ಒಂದು ಯುಎಸ್‌ಡಿಟಿ ಅಂದರೆ ಯಾವಾಗಲೂ ಒಂದು ಡಾಲರ್ ಅಂದೆ. ಅಪ್ಪ ಎಲೆ ಅಡಿಕೆ ಜಗಿಯುತ್ತಾ ಕೇಳಿದರು:

"ಅಲ್ಲ ಕಣವ್ವ, ಒಂದು ಡಾಲರ್ ಒಂದೇ ಡಾಲರ್ ಆಗಿದ್ರೆ ನಿಂಗೆ ಲಾಭ ಎಲ್ಲಿಂದ ಬಂತು? ಲಾಭ ಇಲ್ದಿದ್ರೆ ತೆರಿಗೆ ಯಾಕೆ ಕಟ್ಟಬೇಕು?"

ಇದಕ್ಕೆ ಉತ್ತರ ಸಿಗಲು ನನಗೆ ಎರಡು ಸಲ ಆಡಿಟರ್ ಆಫೀಸಿಗೆ ಹೋಗಬೇಕಾಯಿತು.

ನಮ್ಮ ಆಡಿಟರ್ ವಯಸ್ಸಾದವರು. ರಾಜಾಜಿನಗರದಲ್ಲಿ ಮಹಡಿ ಮೇಲೆ ಆಫೀಸು, ಮೆಟ್ಟಿಲ ಮೇಲೂ ಫೈಲು. ಅವರಿಗೆ ಯುಎಸ್‌ಡಿಟಿ ಅಂದರೆ ಏನು ಅಂತ ನಾನು ಹೇಳಬೇಕಾಗುತ್ತದೆ ಅಂದುಕೊಂಡಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು "ನೋಡಮ್ಮ, ನಿನ್ನ ಕಾಯಿನ್ ಸ್ಟೇಬಲ್ಲೋ ಅಲ್ವೋ ಅನ್ನೋದು ಕಾಯ್ದೆಗೆ ಗೊತ್ತೇ ಇಲ್ಲ" ಅಂದರು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಆ ಒಂದೇ ಮಾತು.

2022ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ ವರ್ಚುವಲ್ ಡಿಜಿಟಲ್ ಅಸೆಟ್ ಅನ್ನುವ ಹೊಸ ಹೆಸರು ಸೇರಿತು. ಎಲ್ಲರೂ ವಿಡಿಎ ಅನ್ನುತ್ತಾರೆ. ಆ ವ್ಯಾಖ್ಯೆಯಿಂದ ಭಾರತದ ಹಣ ಮತ್ತು ವಿದೇಶಿ ಹಣ ಎರಡನ್ನೂ ಹೊರಗಿಟ್ಟಿದ್ದಾರೆ. ಇದನ್ನು ಓದಿದ ಕೂಡಲೇ ನನ್ನಂಥವರಿಗೆ ಆಸೆ ಹುಟ್ಟುತ್ತದೆ. ಯುಎಸ್‌ಡಿಟಿ ಡಾಲರೇ ಅಲ್ವಾ, ಹಾಗಾದರೆ ಅದು ವಿದೇಶಿ ಹಣ, ನಾವು ಪಾರು! ಆದರೆ ವಿದೇಶಿ ಹಣ ಅಂದರೆ ಫೆಮಾ (ವಿದೇಶಿ ವಿನಿಮಯ) ಕಾಯ್ದೆಯಲ್ಲಿ ಯಾವ ಅರ್ಥ ಇದೆಯೋ ಅದೇ ಅರ್ಥ ಅಂತ ಅಲ್ಲೇ ಬರೆದಿದೆ. ಅಮೆರಿಕದ ಸರ್ಕಾರದ ಡಾಲರ್ ವಿದೇಶಿ ಹಣ. ಟೆದರ್ ಅನ್ನುವ ಖಾಸಗಿ ಕಂಪನಿ "ನನ್ನ ಹತ್ತಿರ ಅಷ್ಟು ಬೆಲೆಯ ಆಸ್ತಿ ಇದೆ, ನಂಬು" ಅಂತ ಕೊಡುವ ಟೋಕನ್ ವಿದೇಶಿ ಹಣ ಅಲ್ಲ. ಸರ್ಕಲ್ ಕಂಪನಿಯ ಯುಎಸ್‌ಡಿಸಿ ಕೂಡ ಅಲ್ಲ. ಹಾಗಾಗಿ ನಾಯಿಮರಿ ಚಿತ್ರ ಇರುವ ಡೋಜ್‌ಕಾಯಿನ್‌ಗೂ ನನ್ನ ಯುಎಸ್‌ಡಿಟಿಗೂ ಕಾಯ್ದೆಯಲ್ಲಿ ಒಂದೇ ಮಣೆ, ಒಂದೇ ಎಲೆ. ಗಿಫ್ಟ್ ಕಾರ್ಡ್, ವಿಮಾನದ ಮೈಲೇಜ್ ಪಾಯಿಂಟ್ ಇಂಥವನ್ನು ಅದೇ ವರ್ಷ ಜೂನ್ 30ರಂದು ಅಧಿಸೂಚನೆ ಹೊರಡಿಸಿ ವಿಡಿಎಯಿಂದ ಬಿಟ್ಟರು. ಸ್ಟೇಬಲ್‌ಕಾಯಿನ್ ಬಿಡಲಿಲ್ಲ.

ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿ ಬೇರೆಯೇ. ಅದು ಹಣವೇ. 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗೆ ಅದರ ಪ್ರಯೋಗ ಶುರುವಾದಾಗ ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಇತ್ತು. ಎರಡನ್ನೂ ಒಂದೇ ಅಂದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಇದೆಲ್ಲ ಕಾನೂನುಬಾಹಿರ ಅಲ್ವಾ ಅಂತ ಅಮ್ಮ ಕೇಳಿದ್ದರು. ಅಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಆ ವರ್ಷವೇ ಹಳೇ ಏರ್‌ಪೋರ್ಟ್ ರಸ್ತೆಯ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಕಿಯೋಸ್ಕ್ ಇಟ್ಟು, ಪೊಲೀಸರು ಅದನ್ನು ಎತ್ತಿಕೊಂಡು ಹೋದದ್ದು ಬೆಂಗಳೂರಿನವರಿಗೆ ನೆನಪಿರಬಹುದು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಈಗ ಕೊಳ್ಳುವುದು, ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಅಂಗಡಿಯವನು ಅದನ್ನು ತಗೊಳ್ಳಲೇಬೇಕು ಅಂತಲೂ ಇಲ್ಲ, ಮುಳುಗಿದರೆ ಠೇವಣಿಗೆ ಇರುವಂಥ ವಿಮೆಯೂ ಇಲ್ಲ.

ಇನ್ನು ಒಳ್ಳೆಯ ಸುದ್ದಿ, ಇರುವುದೇ ಇಷ್ಟು. ಕೊಂಡದ್ದಕ್ಕೆ ಆದಾಯ ತೆರಿಗೆ ಇಲ್ಲ. ಇಟ್ಟುಕೊಂಡದ್ದಕ್ಕೂ ಇಲ್ಲ. ಒಂದು ವಾಲೆಟ್‌ನಿಂದ (ಕಾಯಿನ್ ಇಡುವ ಡಿಜಿಟಲ್ ಚೀಲ) ನಮ್ಮದೇ ಇನ್ನೊಂದು ವಾಲೆಟ್‌ಗೆ ಸಾಗಿಸಿದರೂ ಇಲ್ಲ. ಅಪ್ಪನಿಗೆ ಹೇಳುವಾಗ ಇದು ಸುಲಭ ಆಯಿತು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡಬೇಕು. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ಮಾಡಿ ತಿಪಟೂರು ಎಪಿಎಂಸಿಗೆ ಹಾಕುವುದು. ಅಟ್ಟದ ಮೇಲಿರುವಾಗ ಬೆಲೆ ಏರಲಿ ಇಳಿಯಲಿ, ಯಾರೂ ಏನೂ ಕೇಳುವುದಿಲ್ಲ. ಮಾರಿದ ದಿನವೇ ಲೆಕ್ಕ.

ವಿಡಿಎಯಲ್ಲೂ ಮಾರಿದ ದಿನವೇ ಲೆಕ್ಕ. ಆದರೆ ಇಲ್ಲಿ ಮಾರುವುದು ಅಂದರೆ ರೂಪಾಯಿಗೆ ಮಾರುವುದು ಮಾತ್ರ ಅಲ್ಲ. ಯುಎಸ್‌ಡಿಟಿ ಕೊಟ್ಟು ಈಥರ್ ಅನ್ನುವ ಇನ್ನೊಂದು ಕ್ರಿಪ್ಟೊ ತಗೊಂಡರೆ ಯುಎಸ್‌ಡಿಟಿ ಮಾರಿದ ಹಾಗೆ. ಯುಎಸ್‌ಡಿಟಿ ಕೊಟ್ಟು ಯುಎಸ್‌ಡಿಸಿ ತಗೊಂಡರೂ ಮಾರಿದ ಹಾಗೆ, ಎರಡೂ ಒಂದೊಂದು ಡಾಲರೇ ಆಗಿದ್ದರೂ. ವಿದೇಶದ ಯಾರಿಂದಲೋ ಎಡಿಟಿಂಗ್ ಪ್ಲಗಿನ್ ಕೊಂಡು ಯುಎಸ್‌ಡಿಟಿಯಲ್ಲಿ ಕೊಟ್ಟರೂ ಅಷ್ಟೇ.

ಈಗ ಶೀರ್ಷಿಕೆಯ ಲೆಕ್ಕಕ್ಕೆ ಬರುತ್ತೇನೆ.

2024ರ ಆಗಸ್ಟ್‌ನಲ್ಲಿ ಇಲ್ಲಿನ ಒಂದು ಎಕ್ಸ್‌ಚೇಂಜ್‌ನಲ್ಲಿ (ಕ್ರಿಪ್ಟೊ ಕೊಂಡು ಮಾರುವ ಆನ್‌ಲೈನ್ ವೇದಿಕೆ) 1,000 ಯುಎಸ್‌ಡಿಟಿ ಕೊಂಡೆ. ದರ 88. ಅಂದರೆ 88,000 ರೂಪಾಯಿ. ಆಗ ಬ್ಯಾಂಕ್ ಲೆಕ್ಕದಲ್ಲಿ ಡಾಲರ್ ಹತ್ತಿರ ಹತ್ತಿರ 84 ಇತ್ತು. ಈ ನಾಲ್ಕು ರೂಪಾಯಿ ಎಲ್ಲಿಂದ ಬಂತು? ನಮ್ಮಲ್ಲಿ ಯುಎಸ್‌ಡಿಟಿ ಕೊಳ್ಳುವವರು ಜಾಸ್ತಿ, ಹೊರಗಿಂದ ಸಲೀಸಾಗಿ ತರಿಸಿಕೊಳ್ಳುವ ದಾರಿ ಕಮ್ಮಿ. ಅದಕ್ಕೇ ಡಾಲರ್‌ಗಿಂತ ಮೇಲೆ ಒಂದಷ್ಟು ಪ್ರೀಮಿಯಂ. ಆ ಪ್ರೀಮಿಯಂ ಕೂಡ ಒಂದೇ ಸಮ ಇರುವುದಿಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಂದು ಡಾಲರ್ ಒಂದೇ ಡಾಲರ್ ನಿಜ, ಆದರೆ ನಮ್ಮ ತೆರಿಗೆ ಇರುವುದು ರೂಪಾಯಿಯಲ್ಲಿ. ಡಾಲರ್ ದರ ಅಲ್ಲಾಡಿದರೂ ಲಾಭ ನಷ್ಟ, ಪ್ರೀಮಿಯಂ ಅಲ್ಲಾಡಿದರೂ ಲಾಭ ನಷ್ಟ.

2025ರ ಜನವರಿಯಲ್ಲಿ ಹೊಸ ಮಾನಿಟರ್ ತಗೊಳ್ಳಬೇಕಿತ್ತು. ಸಾವಿರವನ್ನೂ 91ಕ್ಕೆ ಮಾರಿದೆ. 91,000 ಬಂತು, 3,000 ಲಾಭ. ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಫೆಬ್ರವರಿಯಲ್ಲಿ ರೂಪಾಯಿ ಬಿದ್ದೇ ಬೀಳುತ್ತದೆ, ಡಾಲರ್ 90 ಆಗುತ್ತದೆ ಅಂತ ಎಲ್ಲ ಕಡೆ ಗುಲ್ಲೆದ್ದಿತು. ನಾನೂ ಕಿವಿ ಕೊಟ್ಟೆ. 92ರಂತೆ 800 ಕೊಂಡೆ, 73,600 ರೂಪಾಯಿ. ಮಾರ್ಚ್ ಕೊನೆಗೆ ರೂಪಾಯಿ ಚೇತರಿಸಿಕೊಂಡು ಡಾಲರ್ 87ರಿಂದ 85ರ ಚಿಲ್ಲರೆಗೆ ಇಳಿಯಿತು. ಹೆದರಿ 89ಕ್ಕೆ ಮಾರಿದೆ. 71,200. ನಷ್ಟ 2,400.

ಮೂರು ಸಾವಿರ ಬಂತು, ಎರಡು ಸಾವಿರದ ನಾನೂರು ಹೋಯಿತು. ಉಳಿದದ್ದು 600. ತೆರಿಗೆ 600ರ ಮೇಲೆ ಅಲ್ವಾ? ಅಲ್ಲ.

ಆ ವರ್ಷಕ್ಕಿದ್ದ ಕಾಯ್ದೆಯ 115ಬಿಬಿಎಚ್ ಸೆಕ್ಷನ್ ಪ್ರಕಾರ ವಿಡಿಎ ಲಾಭಕ್ಕೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ನಿಮ್ಮ ಸ್ಲ್ಯಾಬ್ ಯಾವುದೇ ಇರಲಿ, ಮೂರು ದಿನ ಇಟ್ಟುಕೊಂಡಿರಿ, ಮೂರು ವರ್ಷ ಇಟ್ಟುಕೊಂಡಿರಿ, ದರ ಅದೇ. ಇಷ್ಟು ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವ ಮೂಲ ವಿನಾಯಿತಿಯೂ ಇದಕ್ಕೆ ಸಿಗುವುದಿಲ್ಲ, ಮೊದಲ ರೂಪಾಯಿಯಿಂದಲೇ ಶುರು. ಒಂದು ವಿಡಿಎಯ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವ ಹಾಗಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಹಾಗಾಗಿ ನನ್ನ 2,400 ನಷ್ಟ ನನ್ನ ಹತ್ತಿರವೇ ಉಳಿಯಿತು. 3,000ದ ಮೇಲೆ 900, ಸೆಸ್ 36. ಒಟ್ಟು 936.

"ಇದ್ಯಾವ ನ್ಯಾಯ ಸಾರ್?" ಅಂದೆ.

"ನ್ಯಾಯ ಅಂತ ಯಾರು ಹೇಳಿದ್ರು? ಕಾಯ್ದೆ ಅಂತ ಹೇಳಿದ್ದು ನಾನು" ಅಂದರು ಆಡಿಟರ್.

ಇನ್ನೂ ಇದೆ. ನಾಲ್ಕು ಸಲ ಕೊಂಡು ಮಾರಿದ್ದಕ್ಕೆ ಎಕ್ಸ್‌ಚೇಂಜ್‌ನವರು ಶೇ. 0.2 ಫೀ ತಗೊಂಡಿದ್ದರು, ಅದರ ಮೇಲೆ ಶೇ. 18 ಜಿಎಸ್‌ಟಿ. ಎಲ್ಲ ಸೇರಿ 764 ರೂಪಾಯಿ. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ ಅಂತ ಕಾಯ್ದೆಯಲ್ಲಿ ಖಡಾಖಂಡಿತವಾಗಿ ಇದೆ. ಕೊಳ್ಳುವಾಗಿನ ಫೀಯನ್ನು ಕೊಂಡ ಬೆಲೆಗೆ ಸೇರಿಸಬಹುದು ಅಂತ ವಾದಿಸುವವರು ಇದ್ದಾರೆ. ಇಷ್ಟು ಸಣ್ಣ ಮೊತ್ತಕ್ಕೆ ಅದೆಲ್ಲ ಬೇಡ ಅಂದರು ಆಡಿಟರ್. ಅಂದರೆ ನಿಜವಾದ ಲೆಕ್ಕದಲ್ಲಿ ನನಗೆ 600 ಲಾಭವೂ ಆಗಿರಲಿಲ್ಲ. 164 ರೂಪಾಯಿ ಕೈಯಿಂದ ಹೋಗಿತ್ತು. ಅದರ ಮೇಲೆ 936.

ಈ ಲೆಕ್ಕದ ಹಾಳೆಯನ್ನು ಅಪ್ಪನಿಗೆ ತೋರಿಸಿದಾಗ ಅವರು ಬೆರಳಿಟ್ಟು ಕೇಳಿದ್ದು ಒಂದೇ: "ಇದ್ರಲ್ಲಿ ಹಮಾಲಿ ಎಲ್ಲಿ ಕಳ್ದಿದೀಯ?" ಕೊಬ್ಬರಿ ಮಾರಿ ಬಂದ ದಿನ ಅಪ್ಪನ ಪುಸ್ತಕದಲ್ಲಿ ಸುಲಿದ ಕೂಲಿ, ಗಾಡಿ ಬಾಡಿಗೆ, ಹಮಾಲಿ ಎಲ್ಲ ಕಳೆದ ಮೇಲೆಯೇ ಕೆಳಗೆ ಗೆರೆ ಎಳೆಯುವುದು. ಹಮಾಲಿ ಕಳೆಯುವ ಹಾಗಿಲ್ಲ ಅಂದರೆ ಅದು ವ್ಯಾಪಾರವೇ ಅಲ್ಲ ಅನ್ನುವುದು ಅವರ ತೀರ್ಪು. ಅವರಿಗೇನು, ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ.

ಟಿಡಿಎಸ್ ವಿಷಯದಲ್ಲಿ ಜನ ಸುಮ್ಮನೆ ಗಾಬರಿ ಬೀಳುತ್ತಾರೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2022ರ ಜುಲೈ 1ರಿಂದ ವಿಡಿಎ ಮಾರಿದಾಗ ಶೇ. 1 ಟಿಡಿಎಸ್ ಇದೆ. ಇದು ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ನಷ್ಟಕ್ಕೆ ಮಾರಿದರೂ ಹಿಡಿಯುತ್ತಾರೆ. ನನಗೆ 91,000ಕ್ಕೆ 910, 71,200ಕ್ಕೆ 712 ಹಿಡಿದಿದ್ದರು. ಒಟ್ಟು 1,622. ಆದರೆ ಇದು ಬೇರೆ ತೆರಿಗೆ ಅಲ್ಲ, ಮುಂಗಡ ಅಷ್ಟೇ. 936 ಅದರಲ್ಲೇ ವಜಾ ಆಯಿತು. ಉಳಿದ 686 ನನ್ನ ಎಡಿಟಿಂಗ್ ಆದಾಯದ ತೆರಿಗೆಗೆ ಹೊಂದಿಕೊಂಡಿತು. ರಿಟರ್ನ್ ಹಾಕದೆ ಕೂತರೆ ಮಾತ್ರ ಅದು ಹೋದದ್ದೇ. ಎರಡು ಕ್ರಿಪ್ಟೊ ನಡುವೆ ಅದಲು ಬದಲು ಮಾಡಿದರೆ ಎರಡೂ ಕಡೆ ಶೇ. 1. ದಿನಕ್ಕೆ ಹತ್ತು ಸಲ ಕೊಟ್ಟು ತಗೊಳ್ಳುವವರ ದುಡ್ಡು ಹೀಗೇ ಕರಗುತ್ತಾ ಹೋಗಿ ಇಲಾಖೆಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ.

ಇಲ್ಲಿಗೆ ಕೊಂಡ ಕಥೆ ಮುಗಿಯಿತು. ದುಡಿದ ಕಥೆ ಬೇರೆ ಇದೆ, ಅದೇ ಜಾಸ್ತಿ ತಲೆನೋವು.

2024ರ ನವೆಂಬರ್‌ನಲ್ಲಿ ದುಬೈನಲ್ಲಿರುವ ಒಂದು ಗೇಮಿಂಗ್ ಚಾನೆಲ್‌ಗೆ ಏಳು ವಿಡಿಯೊ ಎಡಿಟ್ ಮಾಡಿಕೊಟ್ಟೆ. ಒಂದಕ್ಕೆ 50 ಡಾಲರ್. ಅವರು "ಯುಎಸ್‌ಡಿಟಿ ಕಳಿಸ್ಲಾ? ಎರಡು ನಿಮಿಷದ ಕೆಲಸ" ಅಂದರು. ನಿಜವಾಗಿಯೂ ಎರಡೇ ನಿಮಿಷ. ಒಲೆ ಮೇಲಿಟ್ಟ ಹಾಲು ಉಕ್ಕುವ ಮೊದಲು 350 ಯುಎಸ್‌ಡಿಟಿ ವಾಲೆಟ್‌ಗೆ ಬಂದಿತ್ತು. ಬ್ಯಾಂಕಿನ ಮೂಲಕ ತರಿಸಿದಾಗ ನಾಲ್ಕು ದಿನ ಕಾದು, ಅದ್ಯಾವುದೋ ಮಧ್ಯದ ಬ್ಯಾಂಕಿಗೆ ಕಮಿಷನ್ ಬಿಟ್ಟುಕೊಟ್ಟು ಅಭ್ಯಾಸ ಆದ ನನಗೆ ಇದು ಮಾಯೆಯ ಹಾಗೆ ಕಂಡಿತು.

ಆಡಿಟರ್ ಮುಖ ಹುಳ್ಳಗೆ ಮಾಡಿಕೊಂಡರು. ಮೊದಲನೆಯದು, ಬಂದ ದಿನವೇ ಅದು ನನ್ನ ವೃತ್ತಿ ಆದಾಯ. ಅವತ್ತಿನ ರೂಪಾಯಿ ಬೆಲೆಗೆ ಬರೆಯಬೇಕು. 89ರ ಲೆಕ್ಕದಲ್ಲಿ 31,150. ಅದಕ್ಕೆ ನನ್ನ ಸ್ಲ್ಯಾಬ್ ಪ್ರಕಾರ ತೆರಿಗೆ. ಮುಂದೆ ಅದನ್ನು ಮಾರಿದಾಗ ಈ 31,150 ಕೊಂಡ ಬೆಲೆ ಅನ್ನಿಸಿಕೊಳ್ಳುತ್ತದೆ, ಅದರ ಮೇಲಿನ ಲಾಭಕ್ಕೆ ಮತ್ತೆ ಶೇ. 30. ರೂಪಾಯಿಗೆ ಬದಲಾಯಿಸಿದಾಗ ಮಾತ್ರ ಆದಾಯ ಅಂತ ನಾನು ತಿಳಿದಿದ್ದೆ. ಅದು ತಪ್ಪು.

ಎರಡನೆಯದು ಫೆಮಾ. ವಿದೇಶಕ್ಕೆ ಸೇವೆ ಕೊಟ್ಟರೆ ಅದರ ಹಣ ಅಧಿಕೃತ ಬ್ಯಾಂಕ್ ಮೂಲಕ ದೇಶದೊಳಕ್ಕೆ ಬರಬೇಕು. ಬ್ಯಾಂಕಿಗೆ ಡಾಲರ್ ಬಂದರೆ ಯಾವುದಕ್ಕೆ ಬಂದ ಹಣ ಅಂತ ಅದಕ್ಕೊಂದು ಪರ್ಪಸ್ ಕೋಡ್ ಹಾಕಿ, ಹಣ ಬಂದದ್ದಕ್ಕೆ ಪತ್ರ ಕೊಡುತ್ತಾರೆ. ವಾಲೆಟ್‌ಗೆ ಬಂದ ಯುಎಸ್‌ಡಿಟಿಗೆ ಅದ್ಯಾವ ಪತ್ರವೂ ಇಲ್ಲ. ಮೂರನೆಯದು ಜಿಎಸ್‌ಟಿ. ವಿದೇಶಕ್ಕೆ ಮಾಡಿದ ಕೆಲಸ ರಫ್ತು ಅನ್ನಿಸಿಕೊಂಡರೆ ತೆರಿಗೆ ಸೊನ್ನೆ. ರಫ್ತು ಅನ್ನಿಸಿಕೊಳ್ಳಬೇಕಾದರೆ ಹಣ ವಿದೇಶಿ ವಿನಿಮಯದಲ್ಲೋ, ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲೋ ಬಂದಿರಬೇಕು. ಯುಎಸ್‌ಡಿಟಿ ಎರಡೂ ಅಲ್ಲ. ನನ್ನ ವರ್ಷದ ದುಡಿಮೆ 20 ಲಕ್ಷದ ಮಿತಿಯೊಳಗೆ ಇರುವುದರಿಂದ ಜಿಎಸ್‌ಟಿ ನೋಂದಣಿಯೇ ಇಲ್ಲ, ಬಚಾವ್. ನೋಂದಣಿ ಇರುವವರು ಯುಎಸ್‌ಡಿಟಿಯಲ್ಲಿ ಬಿಲ್ ವಸೂಲಿ ಮಾಡಿದರೆ ಶೇ. 18 ಕೈಯಿಂದ ಕಟ್ಟುವ ಪರಿಸ್ಥಿತಿ ಬರಬಹುದು.

ದುಬೈನವರಿಗೆ ಅವತ್ತೇ ಬರೆದೆ, ಇನ್ನು ಮುಂದೆ ಬ್ಯಾಂಕಿಗೇ ಕಳಿಸಿ ಅಂತ. ಅವರು ಒಂದು ನಗುವ ಎಮೋಜಿ ಕಳಿಸಿದರು. ಈಗ ನಾಲ್ಕು ದಿನ ಕಾಯುತ್ತೇನೆ.

ಚಿಕ್ಕಪ್ಪನ ಮಗನ ವಿಷಯ ಹೇಳದಿದ್ದರೆ ಈ ಬರಹ ಅರ್ಧವೇ. ತುಮಕೂರಿನಲ್ಲಿ ಕೆಲಸ, ಇಪ್ಪತ್ತಾರು ವಯಸ್ಸು. ನಾನು ಎಕ್ಸ್‌ಚೇಂಜ್‌ನಲ್ಲಿ ಮಾರಿ ಟಿಡಿಎಸ್ ಕೊಡುವುದನ್ನು ನೋಡಿ ನಗುತ್ತಿದ್ದ. "ಅಕ್ಕ, ಪಿಟುಪಿಯಲ್ಲಿ ಮಾರು. ಮೂರು ರೂಪಾಯಿ ಜಾಸ್ತಿ ಸಿಗುತ್ತೆ, ಟಿಡಿಎಸ್ಸೂ ಇಲ್ಲ" ಅನ್ನುತ್ತಿದ್ದ. ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ. ಯಾರೋ ಅಪರಿಚಿತರು ನಿಮ್ಮ ಖಾತೆಗೆ ರೂಪಾಯಿ ಹಾಕುತ್ತಾರೆ, ನೀವು ಅವರಿಗೆ ಯುಎಸ್‌ಡಿಟಿ ಬಿಡುತ್ತೀರಿ. 93ರಂತೆ 400 ಮಾರಿದ. 37,200 ರೂಪಾಯಿ ಬಂತು. ಆಪ್‌ನಲ್ಲಿ ಇದ್ದ ಹೆಸರು ಒಂದು, ದುಡ್ಡು ಬಂದ ಖಾತೆಯ ಹೆಸರು ಇನ್ನೊಂದು. ಅದನ್ನು ಅವನು ಗಮನಿಸಿದ್ದ. ದುಡ್ಡು ಬಂತಲ್ಲ ಅಂತ ಬಿಟ್ಟಿದ್ದ.

ಮೂರು ವಾರ ಆದ ಮೇಲೆ ಪೆಟ್ರೋಲ್ ಬಂಕ್‌ನಲ್ಲಿ ಕಾರ್ಡ್ ಓಡಲಿಲ್ಲ. ಯುಪಿಐ ಓಡಲಿಲ್ಲ. ಬ್ಯಾಂಕಿನವರನ್ನು ಕೇಳಿದರೆ ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ ಮೇಲೆ ಖಾತೆ ತಡೆಹಿಡಿದಿದ್ದೇವೆ ಅಂದರು. ಯಾರೋ ಮೋಸ ಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಾರೆ. ಅವರ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಅದರಲ್ಲೊಂದು ತುಂಡು ಇವನ ಹತ್ತಿರ ಬಂದಿದೆ. ಕಳ್ಳ ಯುಎಸ್‌ಡಿಟಿ ತಗೊಂಡು ಹೋಗಿಯಾಗಿತ್ತು. ಇವನ ಹತ್ತಿರ ಉಳಿದದ್ದು ಕದ್ದ ದುಡ್ಡು.

ಗಲಾಟೆ 37,200ರದ್ದು. ಆದರೆ ಖಾತೆಯಲ್ಲಿದ್ದ 2 ಲಕ್ಷದ 10 ಸಾವಿರವೂ ನಿಂತುಹೋಯಿತು. ತಂಗಿ ಮದುವೆಗೆ ಅಂತ ಇಟ್ಟಿದ್ದು. ವಿವಾದ ಇರುವಷ್ಟು ಮೊತ್ತಕ್ಕೆ ಮಾತ್ರ ತಡೆ ಸೀಮಿತವಾಗಲಿ ಅಂತ ಕೇರಳ ಹೈಕೋರ್ಟ್ 2023ರಲ್ಲಿ ಇಂಥದ್ದೇ ಪ್ರಕರಣದಲ್ಲಿ ಹೇಳಿದೆ. ಅದನ್ನು ಇಮೇಲ್‌ಗೆ ಲಗತ್ತಿಸಿ ಕಳಿಸಿದ. ಪ್ಯಾನ್, ಆಧಾರ್, ಪಿಟುಪಿ ಆರ್ಡರ್‌ನ ಸ್ಕ್ರೀನ್‌ಶಾಟ್, ಚಾಟ್, ಮೊದಲು ಆ ಯುಎಸ್‌ಡಿಟಿಯನ್ನು ತಾನು ಎಲ್ಲಿಂದ ಕೊಂಡೆ ಅನ್ನುವ ದಾಖಲೆ, ಆರು ತಿಂಗಳ ಸ್ಟೇಟ್‌ಮೆಂಟ್. ಹಿಂದಿಯಲ್ಲಿ ಪತ್ರ ಬರೆದುಕೊಟ್ಟದ್ದು ನಾನು. ನನ್ನ ಹಿಂದಿ ಹೇಗಿದೆ ಅಂದರೆ, ಅದನ್ನು ಓದಿದ ಅಧಿಕಾರಿಗೆ ಇವನು ಕಳ್ಳನಾಗಿರಲು ಸಾಧ್ಯವೇ ಇಲ್ಲ ಅನ್ನಿಸಿರಬೇಕು. ನಾಲ್ಕು ತಿಂಗಳಾದ ಮೇಲೆ ಖಾತೆ ಬಿಟ್ಟರು. 37,200 ಮಾತ್ರ ಇನ್ನೂ ಅಲ್ಲೇ ತಡೆಯಲ್ಲಿ ಕೂತಿದೆ.

ಟಿಡಿಎಸ್ ಇಲ್ಲ ಅಂದದ್ದೂ ಅರ್ಧ ಸತ್ಯ. ಇಬ್ಬರ ನಡುವೆ ನೇರ ವ್ಯವಹಾರ ಆದರೆ ಕೊಳ್ಳುವವನೇ ಶೇ. 1 ಹಿಡಿದು ಇಲಾಖೆಗೆ ಕಟ್ಟಬೇಕು. ನಮ್ಮಂಥ ಸಣ್ಣವರಿಗೆ ವರ್ಷಕ್ಕೆ 50,000 ದಾಟಿದರೆ, ದೊಡ್ಡ ವ್ಯಾಪಾರದವರಿಗೆ 10,000 ದಾಟಿದರೆ. ಟಿಡಿಎಸ್ ಯಾರೂ ಹಿಡಿಯಲಿಲ್ಲ ಅಂದ ಮಾತ್ರಕ್ಕೆ ಲಾಭದ ತೆರಿಗೆ ಮಾಯ ಆಗುವುದಿಲ್ಲ. ಇವನಿಗೆ ಈಗ ಸಿಗದ ದುಡ್ಡಿನ ಲಾಭಕ್ಕೂ ತೆರಿಗೆ ಕಟ್ಟಬೇಕೆಂಬ ಹೊಟ್ಟೆಯುರಿ.

ಎಕ್ಸ್‌ಚೇಂಜ್ ಆರಿಸುವಾಗ ನಾನು ನೋಡುವುದು ಒಂದೇ: ಅನುಮಾನದ ಹಣ ವ್ಯವಹಾರಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಐಯು-ಇಂಡಿಯಾದಲ್ಲಿ ನೋಂದಣಿ ಆಗಿದೆಯಾ ಅಂತ. 2023ರ ಮಾರ್ಚ್ 7ರಿಂದ ಕ್ರಿಪ್ಟೊ ಸೇವೆ ಕೊಡುವವರೆಲ್ಲ ಅಕ್ರಮ ಹಣ ತಡೆ ಕಾಯ್ದೆಯಡಿ ಬಂದರು. ನೋಂದಣಿ ಮಾಡಿಸದ ಒಂಬತ್ತು ವಿದೇಶಿ ವೇದಿಕೆಗಳಿಗೆ ಆ ವರ್ಷದ ಡಿಸೆಂಬರ್‌ನಲ್ಲಿ ನೋಟಿಸ್ ಹೋಯಿತು, ಜನವರಿಯಲ್ಲಿ ಅವುಗಳ ಆಪ್ ಇಲ್ಲಿ ಕಾಣದ ಹಾಗಾಯಿತು. ಅವುಗಳಲ್ಲೊಂದಾದ ಬೈನಾನ್ಸ್ ಆಮೇಲೆ ನೋಂದಾಯಿಸಿಕೊಂಡು 18.82 ಕೋಟಿ ದಂಡ ಹಾಕಿಸಿಕೊಂಡಿತು.

2025ರ ಜುಲೈ 18ರಂದು ಅಮೆರಿಕದಲ್ಲಿ ಸ್ಟೇಬಲ್‌ಕಾಯಿನ್‌ಗೆಂದೇ ಜೀನಿಯಸ್ ಆ್ಯಕ್ಟ್ ಬಂದಾಗ ಚಿಕ್ಕಪ್ಪನ ಮಗ ಮತ್ತೆ ಫೋನ್ ಮಾಡಿದ್ದ. "ನೋಡಕ್ಕ, ಅಲ್ಲೇ ಕಾನೂನು ಆಯ್ತು!" ಆಗಲಿ. ಅದು ಕಾಯಿನ್ ಹೊರಡಿಸುವ ಕಂಪನಿ ಹಿಂದೆ ಎಷ್ಟು ಹಣ ಇಟ್ಟಿರಬೇಕು ಅನ್ನುವ ಕಾನೂನು. ತುಮಕೂರಿನಲ್ಲಿ ಮಾರಿದವನ ತೆರಿಗೆಗೆ ಅದರಿಂದ ಏನೂ ಆಗಬೇಕಿಲ್ಲ. ಹಿಂದೆ ಹಣ ಇದ್ದರೂ ಏನಾಗಬಹುದು ಅಂತ 2023ರ ಮಾರ್ಚ್‌ನಲ್ಲಿ ನೋಡಿದ್ದೇವೆ. ಯುಎಸ್‌ಡಿಸಿಯ 330 ಕೋಟಿ ಡಾಲರ್ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಸಿಕ್ಕಿಕೊಂಡು, ಒಂದು ಡಾಲರ್‌ನ ಕಾಯಿನ್ 88 ಸೆಂಟಿನ ಆಸುಪಾಸಿಗೆ ಬಿದ್ದು, ಎರಡು ಮೂರು ದಿನದಲ್ಲಿ ಎದ್ದಿತು. ಅದಕ್ಕೂ ಹಿಂದಿನ ವರ್ಷ ಟೆರಾಯುಎಸ್‌ಡಿ ಅನ್ನುವ ಇನ್ನೊಂದು ಸ್ಟೇಬಲ್‌ಕಾಯಿನ್ ಬಿದ್ದದ್ದು ಏಳಲೇ ಇಲ್ಲ.

2025ರಲ್ಲಿ ರಿಟರ್ನ್‌ಗೆ ಜುಲೈ 31ರ ಬದಲು ಸೆಪ್ಟೆಂಬರ್‌ವರೆಗೆ ಸಮಯ ಕೊಟ್ಟಿದ್ದರಿಂದ ನಿಧಾನವಾಗಿ ಕೂತು ಮಾಡಿದೆವು. ವಿಡಿಎ ಇದ್ದರೆ ಸುಲಭದ ಐಟಿಆರ್-1 ನಡೆಯುವುದಿಲ್ಲ. ನನಗೆ ವೃತ್ತಿ ಆದಾಯ ಇರುವುದರಿಂದ ಐಟಿಆರ್-3. ಅದರಲ್ಲಿ ವಿಡಿಎಗೆ ಅಂತಲೇ ಒಂದು ಷೆಡ್ಯೂಲ್ ಇದೆ. ಕೊಂಡ ದಿನಾಂಕ, ಮಾರಿದ ದಿನಾಂಕ, ಕೊಂಡ ಬೆಲೆ, ಬಂದ ಮೊತ್ತ, ಒಂದೊಂದು ವ್ಯವಹಾರಕ್ಕೂ ಒಂದೊಂದು ಸಾಲು. ನಷ್ಟದ ಸಾಲನ್ನೂ ಬರೆದೆವು, ಆದಾಯದ ಕಾಲಂನಲ್ಲಿ ಸೊನ್ನೆ. ದುಬೈನ 350 ಇರುವುದು ವಿದೇಶಿ ವೇದಿಕೆಯ ವಾಲೆಟ್‌ನಲ್ಲಿ. ಅದನ್ನು ವಿದೇಶಿ ಆಸ್ತಿಯ ಷೆಡ್ಯೂಲ್‌ನಲ್ಲೂ ತೋರಿಸಿಬಿಡೋಣ, ತೋರಿಸಿ ಕೆಟ್ಟವರಿಲ್ಲ ಅಂದರು ಆಡಿಟರ್. ಆ ಷೆಡ್ಯೂಲ್ ಮಾತ್ರ ಏಪ್ರಿಲ್-ಮಾರ್ಚ್ ಲೆಕ್ಕ ಅಲ್ಲ, ಜನವರಿಯಿಂದ ಡಿಸೆಂಬರ್. ಇಲ್ಲಿ ಎಡವುವವರು ಬಹಳ ಅಂತೆ.

ಹಳೇ 1,140ಕ್ಕೆ ಐಟಿಆರ್-ಯು ಅನ್ನುವ ತಿದ್ದಿದ ರಿಟರ್ನ್ ಹಾಕಿದೆವು. ತೆರಿಗೆ ಸೆಸ್ ಸೇರಿ 356, ಮೇಲೆ ತಡ ಮಾಡಿದ್ದಕ್ಕೆ ಶೇ. 25. ಬಡ್ಡಿಗಿಡ್ಡಿ ಎಲ್ಲ ಹಿಡಿದರೂ 500 ದಾಟಲಿಲ್ಲ. ಅದನ್ನು ಹಾಕಿಕೊಟ್ಟದ್ದಕ್ಕೆ ಆಡಿಟರ್ ಫೀ 2,500. ಇನ್ನೂ ತಡ ಮಾಡಿದ್ದರೆ ಆ ಶೇ. 25 ಮುಂದಿನ ವರ್ಷ 50, ಆಮೇಲೆ 60, 70 ಅಂತ ಏರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್‌ಗಳು ಬೇರೆ. ಶೇ. 30 ಮಾತ್ರ ಹಾಗೇ. ಎಕ್ಸ್‌ಚೇಂಜ್‌ಗಳು ನಮ್ಮ ವ್ಯವಹಾರದ ವಿವರವನ್ನು ನೇರವಾಗಿ ಇಲಾಖೆಗೆ ಕೊಡಬೇಕೆಂಬ ನಿಯಮವೂ ಆಗಿಂದಲೇ.

ಈಗ ನನ್ನ ಹತ್ತಿರ ಒಂದು ಎಕ್ಸೆಲ್ ಹಾಳೆ ಇದೆ. ಅಪ್ಪನ ಕೊಬ್ಬರಿ ಪುಸ್ತಕ ನೋಡಿಯೇ ಮಾಡಿದ್ದು: ತಾರೀಖು, ಎಷ್ಟು, ಯಾವ ದರ, ಯಾರಿಂದ. ಕೊನೇ ಸಾಲು 350 ಯುಎಸ್‌ಡಿಟಿ, ದುಬೈ, 31,150. ಮಾರಿದ ದಿನಾಂಕದ ಕಾಲಂ ಖಾಲಿ ಇದೆ. ಹಮಾಲಿ ಅಂತ ಒಂದು ಕಾಲಂ ನಾನೇ ಹಾಕಿಕೊಂಡಿದ್ದೇನೆ, ಇಲಾಖೆಗೆ ಬೇಡದಿದ್ದರೂ.